ಹುಳಿನ ಮನೆಗೆ ಮಾನ್ಯತೆ

ನಮ್ಮಕ್ಕನ ರೇಷ್ಮೆ ಹುಳಿನ ಮನೆಯೊಳಕ್ಕೆ ಬೂಟು ಹಾಕಿಕೊಂಡು ಕಾಲಿಟ್ಟ ಮೊದಲ ಮನುಷ್ಯರೆಂದರೆ ಮಾವಿನ ಹಣ್ಣು ರಫ್ತು ಮಾಡುವ ಕಂಪನಿಯ ಮೇಡಂ. ಅಲ್ಲಿಯವರೆಗೆ ಆ ಹೊಸ್ತಿಲಿಗೆ ಇದ್ದ ಮರ್ಯಾದೆ ಊರ ದೇವಸ್ಥಾನದ ಹೊಸ್ತಿಲಿಗೂ ಇರಲಿಲ್ಲ. ಭಾವನೇ ಆಗಲಿ, ಬಾಯಲ್ಲಿದ್ದ ಎಲೆಅಡಿಕೆ ಉಗಿದು, ಬ್ಲೀಚಿಂಗ್ ಪುಡಿ ಕದಡಿದ ನೀರಲ್ಲಿ ಕಾಲು ಅದ್ದಿ, ಬರಿಗಾಲಲ್ಲಿ ಒಳಗೆ ಹೋಗಬೇಕಿತ್ತು. ನನ್ನನ್ನಂತೂ ಅವಳು ಒಳಗೇ ಬಿಡುತ್ತಿರಲಿಲ್ಲ. "ಬಸ್ಸಲ್ಲಿ ಬಂದಿದೀಯ. ಯಾರ ಮನೆ ಹುಳಿನ ರೋಗ ಮೈಗೆ ಅಂಟಿಸ್ಕಂಡು ಬಂದಿದೀಯೋ ಏನೋ. ಅಲ್ಲೇ ಕೂತ್ಕೊ," ಎಂದು ಅಂಗಳದ ಕಲ್ಲಿನ ಮೇಲೆ ಕಾಫಿ ಲೋಟ ಇಡುತ್ತಿದ್ದಳು. ಸೀನು ಬಂದರೂ ಆಸ್ಪತ್ರೆಯ ದಾರಿ ನೆನೆಸಿಕೊಳ್ಳುವ ನನಗೇ ನಾನೊಂದು ರೋಗ ಎಂಬ ಭಾವನೆ ಬರುವಂತೆ ಮಾಡಬಲ್ಲವಳು ಲೋಕದಲ್ಲಿ ಅವಳೊಬ್ಬಳೇ.

ರೇಷ್ಮೆ ಹುಳು ಸಾಕಿದವರಿಗೆ ಇದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ. ಒಂದು ಹುಳಕ್ಕೆ ಹಾಲುತೊಂಡೆ ಬಂತೆಂದರೆ, ಅಂದರೆ ಮೈ ಊದಿ ಹಾಲಿನಂಥ ರಸ ಸೋರಿ ಸಾಯುವ ರೋಗ, ಅದು ಸುಮ್ಮನೆ ಒಂದು ಹುಳದ ಸಾವಲ್ಲ. ಅದನ್ನೆತ್ತಿ ಸುಡಬೇಕು, ಅದು ಮುಟ್ಟಿದ್ದನ್ನೆಲ್ಲ ಸುಡಬೇಕು, ಆ ಬೆಳೆ ಮುಗಿದ ಮೇಲೆ ಗೋಡೆ, ಸೂರು, ಬಲೆ, ಸ್ಟ್ಯಾಂಡು ಎಲ್ಲಕ್ಕೂ ಫಾರ್ಮಲಿನ್ ಹೊಡೆದು ಕಿಟಕಿ ಬಾಗಿಲು ಬಿಗಿಯಾಗಿ ಮುಚ್ಚಬೇಕು. ಇಲ್ಲವಾದರೆ ಮುಂದಿನ ಬೆಳೆ ಹೋಯಿತೆಂದೇ ಲೆಕ್ಕ. ಮದುವೆಯಾಗಿ ಬಂದಾಗಿನಿಂದ ಅಕ್ಕ ಮಾಡಿಕೊಂಡು ಬಂದದ್ದು ಇದನ್ನೇ. ಅವಳ ಗೂಡು ರಾಮನಗರದ ಮಾರ್ಕೆಟ್ಟಿನಲ್ಲಿ ಹರಾಜಿಗೆ ಬಿದ್ದಾಗ ನೂಲು ತೆಗೆಯುವ ರೀಲರುಗಳು ಒಂದು ಹಿಡಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, ಎರಡನೆಯ ಸಲ ನೋಡದೆ ಬೆಲೆ ಕೂಗುತ್ತಿದ್ದರು.

ಊರು ರಾಮನಗರದಿಂದ ಕನಕಪುರಕ್ಕೆ ಹೋಗುವ ದಾರಿಯಲ್ಲಿ ಬಸ್ಸಿಳಿದು ಒಳಕ್ಕೆ ನಡೆಯಬೇಕಾದ ಊರು. ಕೆರೆ ಬದಿಯಲ್ಲಿ ಹಿಪ್ಪುನೇರಳೆ, ಬಂಡೆ ಕಡೆಗೆ ಮಾವು. ಮಾವಿನ ತೋಟ ಭಾವನ ಹೆಸರಿನಲ್ಲಿತ್ತು. ಹುಳಿನ ಮನೆ ಮಾತ್ರ ಅಕ್ಕನ ಹೆಸರಿನಲ್ಲಿತ್ತು, ಹೆಂಗಸರ ಹೆಸರಿಗೆ ಸಹಾಯಧನ ಕೊಡುತ್ತಿದ್ದ ಯಾವುದೋ ಕಾಲದಲ್ಲಿ ಕಟ್ಟಿಸಿದ್ದು. ಅವಳ ಹೆಸರು ಎಲ್ಲಾದರೂ ಬಣ್ಣದಲ್ಲಿ ಬರೆದಿದ್ದರೆ ಅದು ಆ ಮನೆಯ ಗೋಡೆಯ ಮೇಲೆ ಮಾತ್ರ.

ಆಮೇಲೆ ಅವಳ ಉಸಿರು ಕೆಟ್ಟಿತು. ಇಷ್ಟು ವರ್ಷ ಮೂಗಿಗೆ ಹೋದ ಬ್ಲೀಚಿಂಗು, ಫಾರ್ಮಲಿನ್ನು, ಸುಣ್ಣದ ಪುಡಿ, ಗೂಡಿನ ನೂಲು ಎಲ್ಲ ಸೇರಿ ಎದೆಯಲ್ಲಿ ಕೂತು ಸಿಳ್ಳೆ ಹೊಡೆಯತೊಡಗಿದವು. ರಾಮನಗರದ ಡಾಕ್ಟರು, "ಹುಳು ಬೇಕೋ ಉಸಿರು ಬೇಕೋ ಹೇಳಮ್ಮಾ," ಎಂದು ಕೇಳಿದರು. "ಎರಡೂ ಬೇಕು ಸಾರ್," ಎಂದಳು. ಅವರು ನಗಲಿಲ್ಲ. ಚಳಿಗಾಲದ ಹೊತ್ತಿಗೆ ಅವಳು ಹುಳು ನಿಲ್ಲಿಸಿದಳು. ನಿಲ್ಲಿಸಿದ ಮೇಲೂ ದಿನ ಬೆಳಗಾದರೆ ಬೀಗ ತೆಗೆದು ಖಾಲಿ ಮನೆಯನ್ನು ಗುಡಿಸಿ ಬರುತ್ತಿದ್ದಳು. ಏನು ಗುಡಿಸುತ್ತೀಯ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಖಾಲಿ ಮನೆಯ ಮೇಲೆ ಕಣ್ಣು ಬೀಳುವುದು ತಡವಾಗುವುದಿಲ್ಲ. ನಮ್ಮ ತೋಟದ ಮಾವು ಕೊಳ್ಳುತ್ತಿದ್ದ ಮಂಡಿ ವ್ಯಾಪಾರಿ, ಕಾಯಿ ಹಣ್ಣು ಮಾಡಲು ಜಾಗ ಹುಡುಕುತ್ತಿದ್ದವನು, ಭಾವನ ಕಿವಿಗೆ ಮಾತು ಹಾಕಿದ. ಗಾಳಿಯಾಡದ ಹಾಗೆ ಮುಚ್ಚಿಡಲು ಹೇಳಿ ಮಾಡಿಸಿದಂಥ ಮನೆ. ಕಾರ್ಬೈಡ್ ಪೊಟ್ಟಣ ಇಟ್ಟರೆ ಬೆಳಗಾಗುವುದರೊಳಗೆ ಹಳದಿ. ಭಾವನಿಗೆ ಒಪ್ಪಿಗೆಯಾಯಿತು. ಅಕ್ಕನಿಗೆ ಆಗಲಿಲ್ಲ.

"ಹುಳ ಸಾಕ್ದ ಮನೇಲಿ ಆ ಇಸ ಇಡ್ತೀರಾ? ನಾನು ಸಾಯಗಂಟ ಆಗಲ್ಲ."

"ಸುಮ್ನೆ ಗುಡಿಸ್ಕಂಡು ಕೂತ್ರೆ ಮನೆ ಮೊಟ್ಟೆ ಇಕ್ತದಾ?" ಎಂದ ಭಾವ.

ಇಂಥ ಹೊತ್ತಿನಲ್ಲೇ ಕಂಪನಿಯ ಮೇಡಂ ಊರಿಗೆ ಬಂದದ್ದು. ಹಾಲಿನ ಡೈರಿಯ ಕಟ್ಟೆಯ ಮೇಲೆ ಸಭೆ. ಬಾದಾಮಿ ಮಾವನ್ನು ಹೊರದೇಶಕ್ಕೆ ಕಳಿಸಬೇಕಾದರೆ ತೋಟ ನೋಂದಣಿಯಾಗಬೇಕು, ಹಣ್ಣು ಆಯ್ದು, ತೊಳೆದು, ಡಬ್ಬಿಗೆ ತುಂಬುವ ಮನೆಗೂ ಬೇರೆಯಾಗಿ ಮಾನ್ಯತೆ ಸಿಗಬೇಕು ಎಂದು ಅವರು ವಿವರಿಸಿದರು. ಆ ಮನೆಗೆ ಪ್ಯಾಕ್‌ಹೌಸ್ ಎಂದು ಹೆಸರು. ಅದು ತೋಟದ ಹತ್ತಿರವೇ ಇದ್ದರೆ ಹಣ್ಣಿಗೆ ಪೆಟ್ಟು ಕಡಿಮೆ. "ನೊಣ ಒಳಗೆ ಬರದ ಹಾಗೆ ಬಲೆ ಇರೋ, ತೊಳೆಯೋಕೆ ಬರೋ ನೆಲ ಇರೋ ಮನೆ ಯಾರದ್ದಾದ್ರೂ ಇದ್ಯಾ?" ಎಂದು ಕೇಳಿದರು. ಹಿಂದೆ ಹೆಂಗಸರ ನಡುವೆ ಕೂತಿದ್ದ ಅಕ್ಕ ಕೈ ಎತ್ತಿದಳು.

"ನಮ್ದೈತೆ."

"ಹುಳಿನ ಮನೇಲಿ ಫಾರಿನ್ ಹಣ್ಣಾ? ಬಿಳಿಯೋರು ಕಚ್ಚುದ್ರೆ ಒಳಗಿಂದ ರೇಷ್ಮೆ ಬತ್ತದೆ ಕಣ್ಲಾ!" ಎಂದು ಯಾರೋ ಕೂಗಿದರು. ಡೈರಿಯೆಲ್ಲ ನಕ್ಕಿತು. ಭಾವನೂ ನಕ್ಕ. ಅಕ್ಕ ನಗಲಿಲ್ಲ, ಕೈಯನ್ನೂ ಇಳಿಸಲಿಲ್ಲ.

ಅಂದು ಸಂಜೆ ಗಂಡ ಹೆಂಡತಿಯ ನಡುವೆ ಒಪ್ಪಂದವಾಯಿತು. ಸಾಕ್ಷಿಗೆ ನನ್ನನ್ನು ಕೂರಿಸಿಕೊಂಡಿದ್ದರು. "ಈ ಮಾವಿನ ಸುಗ್ಗಿಯೊಳಗೆ ನನ್ನ ಮನೆ ಪಾಸಾದ್ರೆ ನನ್ ಮನೆ, ನನ್ ಕೆಲ್ಸ. ಯಾರೂ ತಂಟೆಗೆ ಬರ್ಬಾರ್ದು," ಎಂದಳು ಅಕ್ಕ. "ಆಗ್ಲಿಲ್ಲ ಅಂದ್ರೆ ಮಂಡಿಯೋನಿಗೇ ಕೊಟ್ಬುಡಿ. ನಾನು ತಿರುಗಿ ಒಂದು ಮಾತಾಡಲ್ಲ." ಭಾವ ಆಗಲಿ ಎಂದು ತಲೆಯಾಡಿಸಿದ. ಆಮೇಲೆ ನನ್ನ ಕಡೆ ತಿರುಗಿ, "ಬಾಮೈದ ಅವ್ನಲ್ಲ, ಕಂಪನಿಲಿದ್ದೋನು. ಪಾಸ್ ಮಾಡ್ಸಿಕೊಡ್ಲಿ," ಎಂದ. ಅದು ಹೊಗಳಿಕೆಯಾಗಿರಲಿಲ್ಲ.

ನಾನು ಹಾರೋಹಳ್ಳಿಯ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿದ್ದವನು ನಿಜ. ಅಲ್ಲಿ ನಾನು ಕಲಿತ ವಿದ್ಯೆ ಏನೆಂದರೆ, ಆಡಿಟ್ ಎಂಬ ಮಾತು ಕೇಳಿದ ಕೂಡಲೇ ಹೊಟ್ಟೆ ಕೆಡಿಸಿಕೊಳ್ಳುವುದು. ಆಡಿಟ್ಟಿನ ಹಿಂದಿನ ದಿನ ನಾನು ಊಟ ಬಿಡುತ್ತಿದ್ದೆ, ಆಡಿಟ್ಟಿನ ದಿನ ಬೆಳಗ್ಗೆ ಕಕ್ಕಸಿನಿಂದ ಹೊರಗೆ ಬರುತ್ತಿರಲಿಲ್ಲ. ಅವಧಿಗೆ ಮೊದಲೇ ನಿವೃತ್ತಿ ಕೊಟ್ಟು ಮನೆಗೆ ಕಳಿಸಿದಾಗ ನನಗೆ ಆದ ದುಃಖಕ್ಕಿಂತ ನೆಮ್ಮದಿಯೇ ಹೆಚ್ಚು. ಅಂಥವನನ್ನು ಅಕ್ಕ ತಜ್ಞನೆಂದು ನಂಬಿದಳು. ನನ್ನನ್ನು ಯಾರಾದರೂ ನಂಬಿದರೆ ಅವರ ಬಗ್ಗೆ ನನಗೆ ಚಿಂತೆ ಶುರುವಾಗುತ್ತದೆ.

ಆದರೆ ಮೊದಮೊದಲು ಚಿಂತೆಗೆ ಕಾರಣ ಕಾಣಲಿಲ್ಲ. ರೇಷ್ಮೆಗೆ ಶತ್ರು ಊಜಿ ನೊಣ, ಮಾವಿಗೆ ಶತ್ರು ಹಣ್ಣಿನ ನೊಣ. ಒಂದರ ವಿರುದ್ಧ ಹಾಕಿದ್ದ ಕಿಟಕಿಯ ಬಲೆ ಇನ್ನೊಂದಕ್ಕೂ ಆಯಿತು. ಮಾವನ್ನು ತೊಟ್ಟಿನ ಸಮೇತ ಕಿತ್ತು, ಆಮೇಲೆ ತೊಟ್ಟು ಕತ್ತರಿಸಿ, ಸೊನೆ ಹಣ್ಣಿನ ಮೈಗೆ ತಾಗದ ಹಾಗೆ ತಲೆಕೆಳಗೆ ಇಟ್ಟು ಇಳಿಸಬೇಕು. ಸೊನೆ ತಾಗಿದರೆ ಸಿಪ್ಪೆ ಸುಟ್ಟು ಕಪ್ಪಾಗುತ್ತದೆ. ಅದಕ್ಕೆ ದೊಡ್ಡ ದೊಡ್ಡ ಕಂಪನಿಗಳು ಸ್ಟೀಲಿನ ಚೌಕಟ್ಟು ತರಿಸುತ್ತವಂತೆ. ಅಕ್ಕ ಹುಳಿಗೆ ಸೊಪ್ಪು ಹಾಸುತ್ತಿದ್ದ ಸ್ಟ್ಯಾಂಡುಗಳನ್ನು ಉಜ್ಜಿ ತೊಳೆದು, ನೈಲಾನ್ ಬಲೆ ಬಿಗಿದು, ಅದರ ಕಣ್ಣುಗಳಲ್ಲಿ ಒಂದೊಂದೇ ಕಾಯಿಯನ್ನು ಮಗುವಿನ ತಲೆ ಇಟ್ಟ ಹಾಗೆ ಇಟ್ಟು ತೋರಿಸಿದಳು. ಮೇಡಂ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರು.

ಜಗಳ ಬಂದದ್ದು ಕಾಲಿನ ವಿಷಯಕ್ಕೆ. ಮೇಡಂ ಬೂಟು ಹಾಕಿಕೊಂಡೇ ಒಳಗೆ ಹೆಜ್ಜೆ ಇಟ್ಟಿದ್ದರು. ಅಕ್ಕ ಅವರ ಹೆಜ್ಜೆಯನ್ನೇ ನೋಡುತ್ತ ಹಿಂದೆ ಹಿಂದೆ ಹೋದಳು.

"ಮೇಡಮ್ಮೋರೆ, ಬೂಟು ಒಸಿ ಈಚೆ ಬುಡ್ತೀರಾ?"

"ಇಲ್ಲ ಅಮ್ಮಾ, ಇಲ್ಲಿ ಬರಿಗಾಲಲ್ಲಿ ಇರ್ಲೇಬಾರ್ದು. ಕೆಲಸದೋರೆಲ್ಲ ಕಾಲಿಗೆ ಹಾಕಿರಬೇಕು. ತಲೆಗೆ ಟೋಪಿ, ಕೈಗೆ ಗ್ಲೌಸು. ಬರಿಗಾಲು ಕಂಡ್ರೆ ಅಲ್ಲೇ ಫೇಲು."

"ಬೀದಿ ಕಸ ತುಳ್ಕಂಡು ಬಂದ ಬೂಟು ಸುದ್ದ, ತೊಳ್ಕಂಡ ಕಾಲು ಮೈಲಿಗೆಯಾ?"

ಮೇಡಂ ನನ್ನ ಮುಖ ನೋಡಿದರು. ಅಕ್ಕನೂ ನನ್ನ ಮುಖ ನೋಡಿದಳು. ತಜ್ಞನ ಬೆಲೆ ಗೊತ್ತಾಗುವುದು ಇಂಥ ಕಡೆ. ನಾನು ರಾಮನಗರಕ್ಕೆ ಹೋಗಿ ಹೊಸ ರಬ್ಬರ್ ಚಪ್ಪಲಿಗಳನ್ನು ತಂದೆ. ಹೊರಗಿನ ಮಣ್ಣನ್ನೇ ಕಾಣದ ಚಪ್ಪಲಿ, ಮನೆಯೊಳಗೇ ಹುಟ್ಟಿ ಮನೆಯೊಳಗೇ ಸಾಯುವ ಚಪ್ಪಲಿ ಎಂದು ಇಬ್ಬರಿಗೂ ಬೇರೆ ಬೇರೆಯಾಗಿ ವಿವರಿಸಿ ಒಪ್ಪಿಸಿದೆ. ಅಕ್ಕ ಅದನ್ನು ಹಾಕಿಕೊಂಡು ಕೆಸರು ಗದ್ದೆಯಲ್ಲಿ ನಡೆಯುವವಳ ಹಾಗೆ ಕಾಲೆತ್ತಿಟ್ಟು ನಡೆದಳು. ಟೋಪಿ ಹಾಕಿಕೊಂಡಾಗ ಭಾವ ಅಂಗಳದಿಂದಲೇ, "ಏನಮ್ಮೀ, ಆಪ್ರೇಸನ್ ಯಾರ್ಗೆ?" ಎಂದು ಕೇಳಿದ.

ಅವನ ಪಾಲಿನ ಕೆಲಸ ತೋಟ. ಮರಕ್ಕೆ ನೊಣದ ಡಬ್ಬಿ ಕಟ್ಟುವುದು, ಹೊಡೆದ ಔಷಧಿ ಬರೆದಿಡುವುದು, ಉದುರಿದ ಕಾಯಿ ಆರಿಸಿ ಹೂಳುವುದು. ಅದರಲ್ಲಿ ಡಬ್ಬಿ ಕಟ್ಟಿದ್ದು ಅವನು. ಉಳಿದದ್ದನ್ನು ಅಕ್ಕನೇ ಮಾಡಿದಳು. ತೋಟ ನೋಡಲು ಬಂದ ಅಧಿಕಾರಿ ಮರದ ನೆರಳಲ್ಲಿ ಎಳನೀರು ಕುಡಿದು, ಡಬ್ಬಿಗಳನ್ನು ಎಣಿಸಿ, ಭಾವನ ಬೆನ್ನು ತಟ್ಟಿ ಹೋದರು. ಭಾವ ಅಂದಿನಿಂದ ಡೈರಿಯಲ್ಲಿ ಎಲೆಅಡಿಕೆ ಜಗಿಯುವ ವೇಗವೇ ಬೇರೆಯಾಯಿತು.

ಇನ್ನು ಉಳಿದದ್ದು ಮನೆಯ ತಪಾಸಣೆ. ದಿನ ಗೊತ್ತಾಯಿತು. ಮಾದರಿಗೆಂದು ಒಂದಷ್ಟು ಬಾದಾಮಿ ಕಾಯಿ ಕಿತ್ತು, ತೊಟ್ಟು ಕತ್ತರಿಸಿ, ಹಿಂದಿನ ದಿನವೇ ಸ್ಟ್ಯಾಂಡಿನ ಮೇಲೆ ಸೊನೆ ಇಳಿಯಲು ಇಟ್ಟಿರಬೇಕು ಎಂದರು. ಇಟ್ಟೆವು. ಮೇಡಂ ಅಂದು ಬೆಳಗ್ಗೆ ಬಂದು ಎಲ್ಲ ನೋಡಿ, ಬಲ್ಬುಗಳಿಗೆ ಒಡೆದರೆ ಗಾಜು ಉದುರದಂಥ ಮುಚ್ಚಳ ಹಾಕಿದ್ದಕ್ಕೆ ನನ್ನನ್ನು ಹೊಗಳಿ, ಹೊರಡುವಾಗ ಅಕ್ಕನ ಹೆಗಲ ಮೇಲೆ ಕೈಯಿಟ್ಟು ಹೇಳಿದರು: "ಎಲ್ಲ ಚೆನ್ನಾಗಿದೆ ಅಮ್ಮಾ. ಒಂದೇ ಮಾತು ನೆನಪಿಟ್ಕೊಳ್ಳಿ. ಒಳಗೆ ಒಂದು ನೊಣ, ಒಂದು ಹುಳ ಕಂಡ್ರೂ ಎಲ್ಲ ಮುಗೀತು."

ನಾನೂ ಮಧ್ಯಾಹ್ನದ ಬಸ್ಸಿಗೆ ರಾಮನಗರದ ನನ್ನ ಮನೆಗೆ ಹೊರಟೆ. ಹೊರಡುವ ಮುಂಚೆ ಬಲೆಗಳನ್ನು ಬೆರಳಿಟ್ಟು ನೋಡಿದೆ, ಚರಂಡಿಯ ಜಾಲರಿ ನೋಡಿದೆ, ಬಾಗಿಲ ಚಿಲಕ ಎಳೆದು ನೋಡಿ, ದಾರಿ ಅರ್ಧಕ್ಕೆ ಬಂದವನು ವಾಪಸು ಹೋಗಿ ಮತ್ತೆ ಎಳೆದು ನೋಡಿದೆ. "ಹೋಗಪ್ಪ, ಬಸ್ಸು ಹೋಯ್ತದೆ. ನಿನ್ ಎದುರಿಗೆ ಚಿಲ್ಕನೂ ನಡುಗ್ತದೆ," ಎಂದಳು ಅಕ್ಕ. ನಾನು ಆ ಮಾತಿಗೆ ನಗುತ್ತಲೇ ಬಸ್ಸು ಹತ್ತಿದೆ.

ನಾನು ಹೋದ ಮೇಲೆ ನಡೆದದ್ದನ್ನು ಆಮೇಲೆ ಅವಳೇ ಹೇಳಿದಳು. ಸಂಜೆ ದೀಪ ಹಚ್ಚುವ ಮುಂಚೆ ಕಾಯಿಗಳನ್ನು ಒಂದೊಂದಾಗಿ ತಿರುಗಿಸಿ ನೋಡುತ್ತಿದ್ದಾಗ ಒಂದರ ಮೈಮೇಲೆ ಸೂಜಿ ಚುಚ್ಚಿದಂಥ ಚುಕ್ಕೆ ಕಂಡಿತು. ಒತ್ತಿದಳು, ಮೆತ್ತಗಿತ್ತು. ಅಂಗಳಕ್ಕೆ ತಂದು ಕೊಯ್ದಳು. ಒಳಗೆ ಬಿಳಿಯ ಹುಳುಗಳು ಮಿಜಿಗುಟ್ಟುತ್ತಿದ್ದವು. ಹಣ್ಣಿನ ನೊಣ ತೋಟದಲ್ಲೇ ಮೊಟ್ಟೆಯಿಟ್ಟಿತ್ತು.

ಅವಳಿಗೆ ಗೊತ್ತಿದ್ದದ್ದು ಒಂದೇ ದಾರಿ. ಒಳಗೆ ರೋಗ ಕಂಡರೆ ಏನು ಮಾಡಬೇಕೋ ಅದನ್ನು ಮಾಡಿದಳು. ಆ ಕಾಯಿಯನ್ನು, ಅದರ ಅಕ್ಕಪಕ್ಕದ ಕಾಯಿಗಳನ್ನು ಸೀಮೆಎಣ್ಣೆ ಹಾಕಿ ಸುಟ್ಟಳು. ಉಳಿದವನ್ನು ಹೊರಗೆ ಪಡಸಾಲೆಗೆ ಸಾಗಿಸಿ ಒದ್ದೆ ಬಟ್ಟೆ ಮುಚ್ಚಿದಳು. ಅಟ್ಟದ ಮೇಲೆ ಹುಳಿನ ಕಾಲದ ಫಾರ್ಮಲಿನ್ ಕ್ಯಾನು ಉಳಿದಿತ್ತು. ಸ್ಪ್ರೇಯರ್ ಬೆನ್ನಿಗೆ ಹಾಕಿ, ಮೂಗಿಗೆ ಸೆರಗು ಕಟ್ಟಿ, ಡಾಕ್ಟರು ಹತ್ತಿರ ಸುಳಿಯಬೇಡ ಎಂದಿದ್ದ ಔಷಧಿಯನ್ನೇ ಗೋಡೆ, ಸೂರು, ನೆಲ, ಬಲೆ, ಸ್ಟ್ಯಾಂಡು, ಹಣ್ಣು ಆಯಲು ತಂದಿದ್ದ ಹೊಸ ಟೇಬಲ್ಲು ಒಂದನ್ನೂ ಬಿಡದೆ ಹೊಡೆದು, ಬಾಗಿಲು ಕಿಟಕಿ ಮುಚ್ಚಿದಳು. ಭಾವ, "ಇದೆಲ್ಲ ಬೇಕಾ?" ಎಂದು ಕೇಳಿದನಂತೆ. ಕೇಳಿ ಡೈರಿಗೆ ಹೋದನಂತೆ. ಬೆಳಕು ಹರಿಯುತ್ತಲೇ ಎಲ್ಲ ತೆರೆದು, ಒರೆಸಿ, ಕಾಯಿಗಳನ್ನು ಮತ್ತೆ ಸ್ಟ್ಯಾಂಡಿನ ಮೇಲೆ ಜೋಡಿಸಿದಳು.

"ನಂಗೊಂದು ಫೋನ್ ಮಾಡ್ಬಾರ್ದಿತ್ತಾ?" ಎಂದು ನಾನು ಕೇಳಿದ್ದಕ್ಕೆ ಅವಳು ಕೊಟ್ಟ ಉತ್ತರವನ್ನು ಈಗಲೂ ನುಂಗಲಾರೆ. "ಹೇಳಿದ್ರೆ ನೀನು ಇಡೀ ರಾತ್ರಿ ಒದ್ದಾಡ್ತಿದ್ದೆ. ಒಬ್ರು ಒದ್ದಾಡಿದ್ರೆ ಸಾಕು ಅಂದ್ಕಂಡೆ."

ಬೆಳಗ್ಗೆ ನಾನು ಬಸ್ಸಿಳಿದು ಅಂಗಳ ಮುಟ್ಟುವುದಕ್ಕೂ ಮುಂಚೆ ಕಣ್ಣಲ್ಲಿ ನೀರು ಬಂತು. ಮೂಗಿನೊಳಗೆ ಸುಟ್ಟ ಹಾಗಾಯಿತು. ಹೊಸ ರಂಗೋಲಿ, ಬಾಗಿಲಿಗೆ ತೋರಣ, ಮಡಿಸೀರೆಯುಟ್ಟ ಅಕ್ಕ. ಮುಖ ತೊಳೆದ ಕಂಚಿನ ಹಾಗಿತ್ತು.

"ಅಕ್ಕಾ, ಇದೇನಿದು ವಾಸನೆ?"

"ಯಾವ್ದು ವಾಸ್ನೆ?"

ಅವಳು ಸುಳ್ಳು ಹೇಳುತ್ತಿರಲಿಲ್ಲ. ಅಷ್ಟು ವರ್ಷ ಅದರ ಜೊತೆ ಬಾಳಿದ ಮೂಗು ಅದರ ಮಟ್ಟಿಗೆ ಎಂದೋ ಸತ್ತುಹೋಗಿತ್ತು. ಭಾವನ ಮೂಗಿಗೂ ಎಲೆಅಡಿಕೆಯ ಆಚೆ ಏನೂ ತಿಳಿಯುತ್ತಿರಲಿಲ್ಲ. ನಾನು ಓಡಿ ಹೋಗಿ ಫ್ಯಾನು ಹಾಕಿದೆ, ಬಾಗಿಲ ರೆಕ್ಕೆಯನ್ನು ಬೀಸಣಿಗೆಯ ಹಾಗೆ ಆಡಿಸಿದೆ, ಅಡುಗೆಮನೆಯಿಂದ ಮೊರ ತಂದು ಬೀಸಿದೆ. ಮೊರ ಬೀಸುತ್ತ ನಿಂತಿರುವಾಗಲೇ ಜೀಪು ಬಂತು.

ಇಬ್ಬರು ಅಧಿಕಾರಿಗಳು, ಜೊತೆಗೆ ಮೇಡಂ. ಹಿರಿಯ ಅಧಿಕಾರಿ ಮೆತ್ತಗಿನ ಮನುಷ್ಯ. ಒಳಗೆ ಒಂದು ಹೆಜ್ಜೆ ಇಟ್ಟವರು ನಿಂತರು. ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು. ಮತ್ತೆ ಹಿಂದಕ್ಕೆ ಹೆಜ್ಜೆ ತೆಗೆದು ಅಂಗಳದಲ್ಲಿ ನಿಂತು ಕೇಳಿದರು:

"ಅಮ್ಮಾ, ಒಳಗೆ ಏನಾದ್ರೂ ಹೊಡೆದಿದೀರಾ?"

"ಹೂಂ ಸಾರ್. ಫಾರ್ಮಲಿನ್," ಎಂದಳು ಅಕ್ಕ. "ಮೂಲೆ ಮೂಲೆಗೂ ಹೊಡ್ದಿದೀನಿ. ಒಂದು ಕಡೆ ಬುಟ್ಟಿಲ್ಲ. ಬೇಕಾದ್ರೆ ನೋಡಿ."

ಅಷ್ಟು ಹೆಮ್ಮೆಯಿಂದ ಯಾರೂ ತಮ್ಮ ತಲೆಯ ಮೇಲೆ ತಾವೇ ಕಲ್ಲು ಹಾಕಿಕೊಂಡದ್ದನ್ನು ನಾನು ನೋಡಿಲ್ಲ. ಮೇಡಂ ಕಣ್ಣು ಮುಚ್ಚಿಕೊಂಡರು. ವಾಸನೆಗೋ, ಮಾತಿಗೋ ತಿಳಿಯಲಿಲ್ಲ. ಅಧಿಕಾರಿ ಯಾಕೆ ಎಂದು ಕೇಳಿದ್ದಕ್ಕೆ ಅಕ್ಕ ಎಲ್ಲವನ್ನೂ ಹೇಳಿದಳು. ಚುಕ್ಕೆ ಕಂಡದ್ದು, ಕೊಯ್ದದ್ದು, ಸುಟ್ಟದ್ದು. ಬೂದಿಯನ್ನು ಕೂಡ ತೋರಿಸಿದಳು.

"ಫಾರ್ಮಲಿನ್ ತಿನ್ನೋ ವಸ್ತು ಇರೋ ಮನೆಯೊಳಗೆ ಬರಲೇಬಾರದಮ್ಮಾ. ಆ ಬಲೆ, ಆ ಹಲಗೆ ಎಲ್ಲ ಕುಡಿದುಬಿಟ್ಟಿರುತ್ತೆ. ಇದನ್ನ ಪಾಸ್ ಮಾಡಿದ್ರೆ ನನ್ನನ್ನ ಮನೆಗೆ ಕಳಿಸ್ತಾರೆ."

"ಮತ್ತೆ ಹುಳ ಇತ್ತಲ್ಲ ಸಾರ್?"

ಅವರು ಕರವಸ್ತ್ರ ಮಡಿಸಿ ಜೇಬಿಗಿಟ್ಟರು. ಆಮೇಲೆ ಹೇಳಿದರು: "ಆ ಒಂದು ಹಣ್ಣನ್ನ ಬೇರೆ ತೆಗೆದಿಟ್ಟು ನಮಗೆ ತೋರಿಸಿದ್ರೆ ಸಾಕಿತ್ತು. ಯಾವ ಮರದ್ದು ಅಂತ ಬರ್ಕೊಂಡು, ಆ ಬುಟ್ಟಿ ಬಿಟ್ಟು ಬೇರೆ ಬುಟ್ಟಿ ತರಿಸ್ತಿದ್ವಿ. ನೀವು ಹುಡುಕಿ ಹಿಡಿದಿರಿ ಅಂತ ನಾಲ್ಕು ಒಳ್ಳೆ ಮಾತು ಬರೀತಿದ್ವಿ."

ಅಕ್ಕ ಮೇಡಂ ಕಡೆ ತಿರುಗಿದಳು. "ಏನ್ ಮೇಡಮ್ಮೋರೆ, ಒಂದು ಹುಳ ಕಂಡ್ರೂ ಮುಗೀತು ಅಂದ್ರಲ್ಲ ನೀವು?"

"ಅದು... ಜಾಗ್ರತೆಯಾಗಿರಿ ಅಂತ ಹೇಳಿದ್ದಮ್ಮಾ."

"ಜಾಗ್ರತೆಯಾಗಿದ್ನಲ್ಲವ್ವ."

ಮುಂದಿನ ವರ್ಷ ಮತ್ತೆ ಅರ್ಜಿ ಹಾಕಬಹುದು ಎಂದು ಕಿರಿಯ ಅಧಿಕಾರಿ ಹೇಳಿದರು. ಮುಂದಿನ ವರ್ಷ ಎಂಬುದನ್ನು ಸರ್ಕಾರಿ ಬಾಯಲ್ಲಿ ಕೇಳಿದಾಗಲೆಲ್ಲ ಅದೊಂದು ಊರಿನ ಹೆಸರು ಎನಿಸುತ್ತದೆ ನನಗೆ. ಬಸ್ಸಿಲ್ಲದ ಊರು. ನಾನು ಬಾಯಿ ತೆರೆದು ಏನೋ ವಾದಿಸಬೇಕಿತ್ತು. ಫಾರ್ಮಲಿನ್ ಆರಿಹೋಗುತ್ತದೆ, ಇನ್ನೊಂದು ವಾರಕ್ಕೆ ಬನ್ನಿ, ಬಲೆಗಳನ್ನು ಬದಲಾಯಿಸುತ್ತೇವೆ ಎನ್ನಬೇಕಿತ್ತು. ಆಮೇಲೆ ದಿನಗಟ್ಟಲೆ ಆ ವಾದಗಳನ್ನು ಸ್ನಾನದ ಮನೆಯಲ್ಲಿ ಬಲು ಚೆನ್ನಾಗಿ ಮಂಡಿಸಿದ್ದೇನೆ. ಅಂದು ಅಂಗಳದಲ್ಲಿ ಮಾತ್ರ ಕೈಯಲ್ಲಿ ಮೊರ ಹಿಡಿದು ನಿಂತಿದ್ದೆ. ಭಾವ ಒಬ್ಬನೇ ಅವರನ್ನು ಜೀಪಿನವರೆಗೆ ಬಿಟ್ಟು ಬಂದ. ಎಳನೀರು ಕುಡಿದು ಹೋಗಿ ಎಂದು ಕೇಳಿದ. ಅವರು ಬೇಡ ಎಂದರು.

ಮಧ್ಯಾಹ್ನದ ಹೊತ್ತಿಗೆ ಅಕ್ಕನಿಗೆ ಉಬ್ಬಸ ಹತ್ತಿತು. ರಾಮನಗರದ ಆಸ್ಪತ್ರೆಯಲ್ಲಿ ಮೂಗಿಗೆ ಮುಖವಾಡ ಹಾಕಿ ಹೊಗೆಯಂಥ ಔಷಧಿ ಎಳೆಸಿದರು. ಅದೇ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ನೀವು ಓದಿದವರು, ನೋಡ್ಕೊಬಾರ್ದಾ?" ಎಂದರು. ಮುಖವಾಡದೊಳಗಿಂದ ಅಕ್ಕ ಕಣ್ಣಲ್ಲೇ ಅವರಿಗೆ ಏನೋ ಹೇಳುತ್ತಿದ್ದಳು. ನನ್ನ ಪರವಾಗಿರಬೇಕು. ಅವಳು ಮೊದಲಿನಿಂದಲೂ ಹಾಗೆಯೇ.

ಅವಳು ಮನೆಗೆ ಬಂದ ವಾರದಲ್ಲೇ ಅಂಚೆಯಲ್ಲಿ ಪ್ರಮಾಣಪತ್ರ ಬಂತು. ತೋಟ ಪಾಸಾಗಿತ್ತು. ಭಾವನ ಹೆಸರು ದಪ್ಪ ಅಕ್ಷರದಲ್ಲಿ, ಕೆಳಗೆ ಮೊಹರು. ಅವನು ಅದಕ್ಕೆ ಕನ್ನಡಿ ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ. ಊರಿನವರು ಅವನನ್ನು ಎಕ್ಸ್‌ಪೋರ್ಟ್ ಗೌಡ್ರು ಎಂದು ಕರೆಯತೊಡಗಿದರು. ಮೊದಮೊದಲು ಗೇಲಿಗೆ, ಆಮೇಲೆ ನಿಜವಾಗಿಯೇ. ಕಂಪನಿ ಬೆಂಗಳೂರಿನ ಆಚೆ ಎಲ್ಲೋ ಇರುವ ಇನ್ನೊಬ್ಬರ ಪ್ಯಾಕ್‌ಹೌಸಿಗೆ ನಮ್ಮ ಹಣ್ಣು ಸಾಗಿಸಲು ವ್ಯಾನು ಕಳಿಸಿತು. ಉದುರಿದ ಕಾಯಿ ಆರಿಸಿ ಹೂತವಳು ಯಾರೆಂದು ಆ ಕನ್ನಡಿಯ ಚೌಕಟ್ಟಿನೊಳಗೆ ಎಲ್ಲೂ ಬರೆದಿರಲಿಲ್ಲ. ಅಂಥದ್ದಕ್ಕೆ ಅದರಲ್ಲಿ ಜಾಗವೂ ಇರಲಿಲ್ಲ.

ಅಕ್ಕ ಕೊಟ್ಟ ಮಾತಿಗೆ ತಪ್ಪಲಿಲ್ಲ. ಮಂಡಿ ವ್ಯಾಪಾರಿ ಬಂದಾಗ ತಾನೇ ಹೋಗಿ ಕೀಲಿ ಕೊಟ್ಟಳು. ಅವನ ಆಳುಗಳು ಕಿಟಕಿಯ ಬಲೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹೊಡೆದರು. ನಾನು ಮಾತ್ರ ತಡೆಯಲಾರದೆ ಭಾವನನ್ನು ಕೇಳಿದೆ.

"ಭಾವ, ಆ ಪೊಟ್ಟಣದ ಗಾಳಿ ಅಕ್ಕನಿಗೆ ಆಗಲ್ಲ. ಒಸಿ ಯೋಚ್ನೆ ಮಾಡಿ."

"ಅವ್ಳೇ ಆಡಿದ್ ಮಾತು ಕಣಪ್ಪ. ನೀನೇ ಸಾಕ್ಷಿಯಾಗಿ ಕೂತಿದ್ದೆ." ಆಮೇಲೆ, ಸ್ವಲ್ಪ ಮೆತ್ತಗೆ, "ಹುಳಿನ್ ಮನೆ ಪಕ್ಕದ್ ಕೋಣೆ ಬುಟ್ಟು ಮುಂದ್ಲ ಕೋಣೇಲಿ ಮಲ್ಗು ಅಂದಿದೀನಿ," ಎಂದ. ಅವನು ದುಷ್ಟನೂ ಅಲ್ಲ. ದುಷ್ಟನಾಗಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ, ಬೈದು ಮುಗಿಸಬಹುದಿತ್ತು.

ಮೇಡಂ ಒಂದು ದಿನ ಫೋನ್ ಮಾಡಿದರು. ಆ ಇನ್ನೊಂದು ಪ್ಯಾಕ್‌ಹೌಸಿನಲ್ಲಿ ಕಾಯಿ ಆರಿಸಲು ಹೆಂಗಸರು ಬೇಕು, ಹಣ್ಣಿನ ವ್ಯಾನಿನಲ್ಲೇ ಹೋಗಿ ಬರಬಹುದು, ಅಮ್ಮನ ಕೈ ನೋಡಿದ್ದೇನೆ, ಕೇಳಿ ನೋಡಿ ಎಂದರು. ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು. ನಾನು ಅಕ್ಕನಿಗೆ ಹೇಳಿದೆ.

"ಅಲ್ಲಿ ವತ್ತಾರೆ ಬಾಗ್ಲು ತೆಗಿಯೋರು ಯಾರು?" ಎಂದು ಕೇಳಿದಳು.

"ಯಾರೋ ಸೂಪರ್‌ವೈಸರ್ ಇರ್ತಾರೆ."

"ಬ್ಯಾಡ ಅಂತ ಹೇಳ್ಬುಡು."

ಅವಳು ಬೇರೆ ಕೆಲಸ ಹಿಡಿದದ್ದು ನನಗೆ ತಿಳಿದದ್ದು ಸುಗ್ಗಿಯ ಕೊನೆಯಲ್ಲಿ, ಒಂದು ಭಾನುವಾರ. ಮನೆಯಲ್ಲಿ ಅವಳಿರಲಿಲ್ಲ. ಭಾವ ಕೈ ತೋರಿಸಿದ ಕಡೆ ಹೋದೆ. ಕೆರೆಯ ಕಡೆಯ ಬೀದಿಯಲ್ಲಿ ಹೊಸದಾಗಿ ಹುಳು ಮೇಯಿಸುತ್ತಿದ್ದ ಗಂಡ ಹೆಂಡತಿ ಅವಳನ್ನು ಕರೆಸಿಕೊಂಡಿದ್ದರು. ಅವರ ಹುಳು ಕೊನೆಯ ಜ್ವರಕ್ಕೆ ಕೂತಿದ್ದವು. ಪೊರೆ ಕಳಚುವ ಮುಂಚೆ ಹುಳು ಮೇವು ಬಿಟ್ಟು ತಲೆಯೆತ್ತಿ ಸುಮ್ಮನಿರುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಆಗ ಸುಣ್ಣದ ಪುಡಿ ಹದವಾಗಿ ಉದುರಿಸಬೇಕು. ಅವರಿಗೆ ಹದ ಗೊತ್ತಿರಲಿಲ್ಲ.

ಕಿಟಕಿಯಲ್ಲಿ ಇಣುಕಿದೆ. ಬಿಳಿಯ ಧೂಳಿನ ನಡುವೆ ಅವಳು ಸ್ಟ್ಯಾಂಡಿನಿಂದ ಸ್ಟ್ಯಾಂಡಿಗೆ ಹೋಗುತ್ತಿದ್ದಳು. ಆ ಹೆಣ್ಣುಮಗಳಿಗೆ, "ಕೈ ಮ್ಯಾಲೆ ಎತ್ತು, ಮ್ಯಾಲೆ! ರಾಗಿ ಹಿಟ್ಟು ಜರಡಿ ಹಿಡ್ದಂಗಿರ್ಲಿ. ಮುದ್ದೆಗೆ ಹಾಕಕ್ಕೆ ಬಂದಿದೀಯಾ?" ಎಂದು ಗದರುತ್ತಿದ್ದಳು. ಆ ಗದರಿಕೆಯಲ್ಲಿ ಎಷ್ಟೋ ತಿಂಗಳಿಂದ ನಾನು ಕೇಳದ ಸುಖವಿತ್ತು. ಎರಡು ಮಾತಿಗೊಮ್ಮೆ ನಿಂತು, ಕಂಬ ಹಿಡಿದು, ಉಸಿರು ಎಳೆದುಕೊಳ್ಳುತ್ತಿದ್ದಳು.

ಹೊರಗೆ ಬಂದಾಗ ನಾನು ಡಾಕ್ಟರ ಮಾತು ಎತ್ತಿದೆ. ಅವಳು ಸೆರಗಿನಿಂದ ರೆಪ್ಪೆಯ ಮೇಲಿನ ಸುಣ್ಣ ಒರೆಸಿಕೊಂಡಳು.

"ಅವ್ರು ಹುಳು ಬ್ಯಾಡ ಅಂದ್ರು. ಸರಿ, ಬುಟ್ಟೆ. ಬುಟ್ಮೇಲೆ ಏನ್ ಮಾಡು ಅಂತ ಹೇಳ್ಲಿಲ್ಲ. ನೀನೂ ಹೇಳ್ಲಿಲ್ಲ."

"ಬೇರೆ ಏನಾದ್ರೂ ನೋಡಣ ಅಕ್ಕ."

"ನೀನು ನೋಡ್ತಾ ಇರಪ್ಪ. ಇವರ ಹುಳ ಹಣ್ಣಾಗಿ ಗೂಡು ಕಟ್ಟಗಂಟ ನಂಗೆ ಪುರುಸೊತ್ತಿಲ್ಲ," ಎಂದು ಒಳಗೆ ಹೋದಳು. ಬಾಗಿಲು ಮುಚ್ಚಿಕೊಂಡಿತು. ಸ್ವಲ್ಪ ಹೊತ್ತು ಕೆಮ್ಮು ಕೇಳಿಸಿತು. ನಿಂತಿತೋ, ನಾನು ದೂರ ಬಂದೆನೋ ಗೊತ್ತಿಲ್ಲ.

ರಸ್ತೆಗೆ ಬಂದು ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತವರು ಮಾಗಡಿ ಕಡೆಯ ಮಾವಿನ ಬೆಳೆಗಾರರಂತೆ. ಕಾಲ ಬುಡದಲ್ಲಿ ಹಣ್ಣಿನ ಬುಟ್ಟಿಯಿತ್ತು. ಯಾವೂರಿಂದ ಬಂದಿರಿ ಎಂದು ಕೇಳಿದರು, ಅಕ್ಕನ ಊರು ಹೇಳಿದೆ.

"ಓ, ಆ ಊರಿಂದ ಈ ಸಲ ಫಾರಿನ್‌ಗೆ ಹಣ್ಣು ಹೋಯ್ತಂತಲ್ಲ! ಯಾರೋ ಗೌಡ್ರದ್ದಂತೆ. ನಿಮಗೇನಾಗ್ಬೇಕು?"

"ನಮ್ಮ ಭಾವ," ಎಂದೆ.

"ಪುಣ್ಯವಂತ್ರು ಬುಡಿ," ಎಂದರು ಅವರು.